ವಂಶಾವಳಿಯ ಹೊತ್ತಗೆ

ಶುದ್ಧ ತಳಿಯ ನಾಯಿಮರಿಯೊಂದನ್ನು ಕೊಳ್ಳಹೋದವರ ಮುಂದೆ ಮಾರುವಾತನು ಅಭಿಮಾನದಿಂದ ಇಡುವುದು ಅದರ ವಂಶಾವಳಿಯ ಪತ್ರವನ್ನು. ತಂದೆ ಯಾರು, ಮುತ್ತಜ್ಜ ಯಾರು, ಯಾವ ಪ್ರದರ್ಶನದಲ್ಲಿ ಯಾರಿಗೆ ಬಹುಮಾನ ಬಂದಿತು ಎಂಬುದೆಲ್ಲವೂ ಅದರಲ್ಲಿ ನಮೂದಾಗಿರುವುದುಂಟು; ಆ ಪೂರ್ವಜರು ಯಾವ ವ್ಯಾಧಿಯಿಂದ ನರಳಿದರು, ಎಷ್ಟು ವರ್ಷ ಬಾಳಿದರು ಎಂಬ ವಿಷಯದಲ್ಲಿ ಮಾತ್ರ ಪತ್ರವು ಸಾಮಾನ್ಯವಾಗಿ ಮೌನ ವಹಿಸಿರುತ್ತದೆ. ಈ ಮೌನದ ಕಾರಣವನ್ನರಿಯಬೇಕಾದರೆ ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನತ್ತ ದೃಷ್ಟಿ ಹಾಯಿಸಬೇಕು.

ಅದಕ್ಕೆ ಮುಂಚೆ ನಾಯಿಯ ಯೋಗ್ಯತೆಯನ್ನು ಅಳೆಯುತ್ತಿದ್ದುದು ಬಹುಮಟ್ಟಿಗೆ ಅದರ ಕೆಲಸದಿಂದ. ಬೇಟೆಯಲ್ಲಿ ದಣಿದು ಕುಸಿಯುವ ನಾಯಿಯನ್ನಾಗಲಿ, ಕುರಿಮಂದೆಯ ಹಿಂದೆ ಓಡಲಾರದುದನ್ನಾಗಲಿ ಯಾರೂ ಸಂತತಿಗಾಗಿ ಇರಿಸಿಕೊಳ್ಳುತ್ತಿರಲಿಲ್ಲ. 1859ರ ಜೂನ್ ತಿಂಗಳಿನಲ್ಲಿ ನ್ಯೂಕ್ಯಾಸಲ್ ಪಟ್ಟಣದಲ್ಲಿ ಪಾಯಿಂಟರ್ ಮತ್ತು ಸೆಟರ್ ಎಂಬ ಬೇಟೆನಾಯಿಗಳ ಪ್ರದರ್ಶನವೊಂದು ವ್ಯವಸ್ಥಿತವಾಗಿ ನಡೆದು, ಗೆದ್ದವರಿಗೆ ಬಂದೂಕುಗಳು ಬಹುಮಾನವಾಗಿ ದೊರೆತವು. ಪಾಯಿಂಟರುಗಳಿಗೆ ತೀರ್ಪುಗಾರನಾಗಿದ್ದವನ ನಾಯಿ ಸೆಟರುಗಳಲ್ಲಿ ಗೆದ್ದು, ಸೆಟರುಗಳಿಗೆ ತೀರ್ಪುಗಾರನಾಗಿದ್ದವನ ನಾಯಿ ಪಾಯಿಂಟರುಗಳಲ್ಲಿ ಗೆದ್ದ ವಿನೋದವು ಹಾಗಿರಲಿ. ಮೈದಾನದಲ್ಲಿ ಓಡಿ ತೋರಿಸಬೇಕಾಗಿದ್ದ ಸಾಮರ್ಥ್ಯವನ್ನು ಸಭಾಂಗಣದಲ್ಲಿ ನಿಲ್ಲಿಸಿ ಕಣ್ಣಿನಿಂದ ನಿರ್ಣಯಿಸುವ ಪದ್ಧತಿಯು ಅಲ್ಲಿಂದ ಬೇರೂರತೊಡಗಿತು. 1873ರಲ್ಲಿ ಸಿವಾಲಿಸ್ ಶರ್ಲಿ ಎಂಬ ಗೃಹಸ್ಥನ ಮುಂದಾಳುತನದಲ್ಲಿ ಕೆನಲ್ ಕ್ಲಬ್ ಸ್ಥಾಪಿತವಾಗಿ, ಮರುವರ್ಷವೇ ನಾಲ್ಕು ಸಾವಿರಕ್ಕೂ ಮಿಕ್ಕಿದ ನಾಯಿಗಳನ್ನು ಹೆಸರಿಸಿದ ವಂಶಾವಳಿಯ ಹೊತ್ತಗೆ ಹೊರಬಂದಿತು. ಕಾಲಕ್ರಮದಲ್ಲಿ, ತಂದೆತಾಯಿಗಳಿಬ್ಬರೂ ಒಂದೇ ತಳಿಯ ದಾಖಲೆಯಲ್ಲಿದ್ದ ಹೊರತು ಮರಿಗೆ ಆ ತಳಿಯಲ್ಲಿ ಸ್ಥಾನವಿಲ್ಲವೆಂಬ ಕಟ್ಟಳೆಯು ಬಲಿತು, ಪ್ರತಿಯೊಂದು ತಳಿಯೂ ಹೊಸ ನೀರು ಹರಿದುಬಾರದ ಕೆರೆಯಂತಾಯಿತು.

ಇದರ ಪರಿಣಾಮವನ್ನು ಬುಲ್‌ಡಾಗ್ ನಾಯಿಯಲ್ಲಿ ಕಣ್ಣಾರೆ ಕಾಣಬಹುದು. ಗೂಳಿಯ ಮೇಲೆ ನಾಯಿಗಳನ್ನು ಛೂಬಿಡುವ ಕ್ರೂರ ವಿನೋದವನ್ನು 1835ರ ಶಾಸನವು ನಿಷೇಧಿಸಲು, ವೃತ್ತಿಯನ್ನು ಕಳೆದುಕೊಂಡ ಆ ಪ್ರಾಣಿಯು ಪ್ರದರ್ಶನದ ವಸ್ತುವಾಯಿತು. ಕಾದಾಡಬೇಕಾದ ಅಗತ್ಯ ಹೋದಮೇಲೆ ಮುಖವನ್ನು ಮೊಟಕುಗೊಳಿಸುವುದಕ್ಕೂ ತಲೆಯನ್ನು ದಪ್ಪಗೊಳಿಸುವುದಕ್ಕೂ ಅಡ್ಡಿಯಾದರೂ ಏನಿತ್ತು? ಇಂದು ಅದು ಬೇಸಿಗೆಯಲ್ಲಿ ಉಸಿರಿಗಾಗಿ ಏದುಸಿರು ಬಿಡುತ್ತದೆ; ಬ್ರಿಟನ್ನಿನಲ್ಲಿ ನಡೆದ ಗಣನೆಯೊಂದರ ಪ್ರಕಾರ ಅದರ ಪ್ರಸವಗಳಲ್ಲಿ ನೂರಕ್ಕೆ 80ಕ್ಕಿಂತಲೂ ಹೆಚ್ಚಿನವು ಶಸ್ತ್ರಚಿಕಿತ್ಸೆಯಿಂದಲೇ ಆಗುತ್ತವೆ.

ಕಣ್ಣಿಗೆ ಕಾಣದ ದೋಷದ ಇತಿಹಾಸವು ಇನ್ನೂ ಬೋಧಪ್ರದವಾದುದು. ಹಿಂದೆ ಕುದುರೆಗಾಡಿಗಳ ಪಕ್ಕದಲ್ಲಿ ಓಡುತ್ತಿದ್ದ ಚುಕ್ಕೆಮೈಯ ಡಾಲ್ಮೇಷಿಯನ್ ನಾಯಿಗಳ ಮೂತ್ರದಲ್ಲಿ ಯೂರಿಕ್ ಆಮ್ಲವು ವಿಪರೀತವಾಗಿದ್ದು, ಮುಖ್ಯವಾಗಿ ಗಂಡುಗಳು ಮೂತ್ರಾಶ್ಮರಿಯಿಂದ ಬಾಧೆಪಡುತ್ತವೆ. ತಳಿಗೆ ತಳಿಯೇ ಈ ದೋಷವನ್ನು ಹೊತ್ತುದರಿಂದ ಒಳಗಿನ ಸಂಬಂಧಗಳಿಂದ ಪರಿಹಾರವು ಸಾಧ್ಯವಿರಲಿಲ್ಲ. ಅಮೆರಿಕದ ತಳಿವಿಜ್ಞಾನಿ ರಾಬರ್ಟ್ ಶೈಬಲ್ 1973ರಲ್ಲಿ ಒಂದೇ ಒಂದು ಬಾರಿ ಪಾಯಿಂಟರಿನೊಡನೆ ಕೂಡಿಸಿ, ಅನಂತರದ ಪೀಳಿಗೆಗಳನ್ನು ಮತ್ತೆ ಮತ್ತೆ ಡಾಲ್ಮೇಷಿಯನ್ನುಗಳೊಡನೆಯೇ ಬೆಸೆದು, ಆರೋಗ್ಯದ ಗುಣವನ್ನು ಉಳಿಸಿಕೊಂಡನು. 1981ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ಬು ಅಂಥ ಎರಡು ನಾಯಿಗಳನ್ನು ದಾಖಲಿಸಿತಾದರೂ, ಶುದ್ಧಿ ಕೆಟ್ಟಿತೆಂದು ತಳಿಯ ಅಭಿಮಾನಿಗಳು ಪ್ರತಿಭಟಿಸಲು ಬಾಗಿಲನ್ನು ಮುಚ್ಚಿತು. ಅದು ಮತ್ತೆ ತೆರೆದುದು 2011ರಲ್ಲಿ. ರೋಗದ ಪರಿಹಾರವು ಕೈಗೆ ಸಿಕ್ಕಿದ ಮೇಲೂ ಮೂವತ್ತು ವರ್ಷಗಳ ಕಾಲ ಹೆಸರಿನ ಶುದ್ಧಿಯೇ ಮೇಲಾಯಿತು.

2008ರಲ್ಲಿ ಬಿಬಿಸಿಯ ಸಾಕ್ಷ್ಯಚಿತ್ರವೊಂದು ಇಂಥ ಸಂಗತಿಗಳನ್ನು ಜನರ ಮುಂದಿಡಲು ದೊಡ್ಡ ಕೋಲಾಹಲವೆದ್ದು, ತಂದೆ ಮಗಳು, ತಾಯಿ ಮಗ, ಒಡಹುಟ್ಟಿದವುಗಳ ಕೂಡಿಕೆಯಿಂದ ಹುಟ್ಟಿದ ಮರಿಗಳ ದಾಖಲೆಯನ್ನು ಬ್ರಿಟನ್ನಿನ ಕೆನಲ್ ಕ್ಲಬ್ಬು ನಿಲ್ಲಿಸಿತು. ಆ ತನಕ ಅಂಥವೂ ಶುದ್ಧ ತಳಿಯ ಪ್ರಮಾಣಪತ್ರಕ್ಕೆ ಅರ್ಹವಾಗಿದ್ದವೆಂಬುದನ್ನು ಗಮನಿಸಬೇಕು.

ಆದುದರಿಂದ ಮರಿಯನ್ನು ತರಬಯಸುವವರು ವಂಶಾವಳಿಯಲ್ಲಿ ಒಂದೇ ಹೆಸರು ಎಷ್ಟು ಬಾರಿ ಮರುಕಳಿಸಿದೆಯೆಂದು ಮೊದಲು ನೋಡತಕ್ಕದ್ದು. ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್ ಮೊದಲಾದವುಗಳಲ್ಲಿ ತಂದೆತಾಯಿಗಳ ಸೊಂಟದ ಕೀಲಿನ ಎಕ್ಸ್‌ರೇ ಪರೀಕ್ಷೆಯನ್ನೂ, ಕ್ಯಾವಲಿಯರ್ ಸ್ಪ್ಯಾನಿಯಲ್ಲುಗಳಲ್ಲಿ ಹೃದಯದ ಪರೀಕ್ಷೆಯನ್ನೂ ಕೇಳಿ ಪಡೆಯಬೇಕು. ಮೊಟಕು ಮುಖದ ತಾಯಿಯನ್ನು ಸ್ವಲ್ಪ ನಡೆದಾಡಿಸಿ ಅದರ ಉಸಿರಾಟವನ್ನು ಆಲಿಸಬೇಕು. ಪೂರ್ವಜರ ಪದಕಗಳನ್ನು ಎಣಿಸಿ ಹೇಳುವಾತನು ಈ ಪರೀಕ್ಷೆಗಳ ಫಲವನ್ನು ತೋರಿಸಲು ಹಿಂಜರಿದನಾದರೆ ಬರಿಗೈಯಲ್ಲಿ ಹಿಂದಿರುಗುವುದೇ ಲೇಸು.