ಬೈಸಿಕಲ್ಲಿನ ಮೇಲಿನ ಸ್ವಗತ

ರಂಗಸ್ಥಳದಲ್ಲಿ ಒಬ್ಬಂಟಿಯಾಗಿ ನಿಂತು ತನ್ನೊಡನೆ ತಾನೇ ಮಾತನಾಡುವ ಪಾತ್ರವನ್ನು ಕಂಡು ಪ್ರೇಕ್ಷಕರು ನಗುವುದಿಲ್ಲ. ದೊರೆಯಾಗಲಿ ದೂತನಾಗಲಿ, ಮನಸ್ಸಿನೊಳಗಿನದನ್ನು ಬಾಯ್ಬಿಟ್ಟು ಹೇಳಿಕೊಳ್ಳುವುದಕ್ಕೆ ಅಲ್ಲಿ ಶಾಸ್ತ್ರದ ಸಮ್ಮತಿಯುಂಟು. ಹತ್ತನೆಯ ಶತಮಾನದ ಧನಂಜಯನು ತನ್ನ ‘ದಶರೂಪಕ’ದಲ್ಲಿ ನಾಟಕದ ಮಾತನ್ನು ಕೇಳುವವರ ದೃಷ್ಟಿಯಿಂದ ವಿಂಗಡಿಸಿದ್ದಾನೆ. ಎಲ್ಲರೂ ಕೇಳತಕ್ಕದ್ದು ಪ್ರಕಾಶ. ಕೆಲವರಷ್ಟೇ ಕೇಳತಕ್ಕದ್ದು ಜನಾಂತಿಕ ಮತ್ತು ಅಪವಾರಿತ. ಯಾರೂ ಕೇಳಬಾರದ್ದು ಸ್ವಗತ. ಯಾರೂ ಕೇಳಬಾರದ್ದೆಂದು ವಿಧಿಸಿದ ಮಾತನ್ನು ಸಭೆಯೆಲ್ಲವೂ ಕಿವಿಗೊಟ್ಟು ಕೇಳುವುದೇ ಆ ಕಲೆಯ ಸೊಗಸು. ಬಸವಪ್ಪಶಾಸ್ತ್ರಿಗಳು (1843–1891) ಶಾಕುಂತಲವನ್ನು ಕನ್ನಡಕ್ಕೆ ತಂದ ಮೇಲೆ, ಮೈಸೂರು ಸೀಮೆಯ ನಾಟಕ ಕಂಪೆನಿಗಳ ದೆಸೆಯಿಂದ ‘ಸ್ವಗತ’ವೆಂಬ ಮಾತು ಸಂಸ್ಕೃತವರಿಯದ ಮನೆಗಳಲ್ಲಿಯೂ ಬಳಕೆಗೆ ಬಂದಿತು.

ಆದರೆ ಅದೇ ಸ್ವಗತವನ್ನು ಒಬ್ಬನು ಬೀದಿಯಲ್ಲಿ ಆಡಿದನೆಂದರೆ ಜನರು ಅವನನ್ನು ನೋಡುವ ಬಗೆಯೇ ಬೇರೆ. ಕನ್ನಡಕ್ಕಂತೂ ಈ ವಿಷಯದಲ್ಲಿ ಶಬ್ದದಾರಿದ್ರ್ಯವಿಲ್ಲ. ಅಸಮಾಧಾನದಿಂದ ಹೇಳಿಕೊಂಡರೆ ಗೊಣಗುವುದು, ಬಿಡದೆ ಹೇಳಿಕೊಂಡರೆ ವಟಗುಟ್ಟುವುದು, ದುಃಖದಿಂದಾದರೆ ಹಲುಬುವುದು, ಜ್ವರದಲ್ಲಿ ಬಡಬಡಿಸುವುದು, ನಿದ್ದೆಯಲ್ಲಿ ಕನವರಿಸುವುದು, ರಾಗವಿದ್ದರೆ ಮಾತ್ರ ಗುನುಗುವುದು. ಕಡೆಯದೊಂದನ್ನು ಬಿಟ್ಟರೆ ಉಳಿದ ಯಾವುದೂ ಮೆಚ್ಚಿಗೆಯ ಮಾತಲ್ಲ. ನೆಟ್ಟಗೆ, ಅರ್ಥವತ್ತಾಗಿ, ಎಚ್ಚರದಲ್ಲಿದ್ದುಕೊಂಡೇ ತನ್ನೊಡನೆ ತಾನು ಮಾತನಾಡುವವನಿಗೆ ಆಡುಮಾತಿನಲ್ಲಿ ಒಂದು ಹೆಸರಿಲ್ಲ. ‘ಅವರಿಗೇನೋ ಆಗಿದೆ’ ಎಂಬುದಷ್ಟೇ ಉಂಟು.

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ, ಅದರಲ್ಲಿಯೂ ಬಸವನಗುಡಿಯಲ್ಲಿ, ಈ ಹೆಸರಿಲ್ಲದ ಅಭ್ಯಾಸಕ್ಕೆ ಒಂದು ಕಾಲವೂ ಒಂದು ವಾಹನವೂ ಒದಗಿಬಂದ ವೃತ್ತಾಂತವು ವಿಚಾರಯೋಗ್ಯವಾದುದು.

ಹಳೆಯ ಪೇಟೆಯಲ್ಲಿ ಕೆಲಸಕ್ಕೂ ಮನೆಗೂ ನಡುವೆ ದಾರಿಯೇ ಇರಲಿಲ್ಲವೆಂದರೆ ಅತಿಶಯೋಕ್ತಿಯಲ್ಲ. ಚಿಕ್ಕಪೇಟೆ, ಬಳೇಪೇಟೆ, ಅರಳೇಪೇಟೆಗಳ ವರ್ತಕನು ಅಂಗಡಿಯ ಹಿಂದೆಯೋ ಅಟ್ಟದ ಮೇಲೆಯೋ ವಾಸಿಸುತ್ತಿದ್ದನು. ಮಗ್ಗವಿದ್ದ ಪಡಸಾಲೆಯೇ ನೇಕಾರನ ಮನೆ. 1892ರಲ್ಲಿ ಚಾಮರಾಜಪೇಟೆಯು ಹುಟ್ಟಿತು. 1898ರಲ್ಲಿ ಪ್ಲೇಗು ಬಂದು ಇಕ್ಕಟ್ಟಾದ ಕೇರಿಗಳು ಬರಿದಾದಾಗ, ಬಸವನಗುಡಿ ಮತ್ತು ಮಲ್ಲೇಶ್ವರಗಳೆಂಬ ಎರಡು ಬಡಾವಣೆಗಳು ಊರಿನ ದಕ್ಷಿಣೋತ್ತರಗಳಲ್ಲಿ ಬೆಳೆಯತೊಡಗಿದವು. ಸುಂಕೇನಹಳ್ಳಿಯ ಬಯಲಿನಲ್ಲಿ, ದೊಡ್ಡ ಬಸವಣ್ಣನ ಗುಡಿಯ ನೆರಳಿನಲ್ಲಿ, ಅಗಲವಾದ ನೇರ ಬೀದಿಗಳೂ ಮರಗಳ ಸಾಲೂ ಮನೆಗಳ ಸುತ್ತ ಗಾಳಿ ಬೆಳಕುಗಳೂ ಏರ್ಪಟ್ಟವು. ಆರೋಗ್ಯಕ್ಕೋಸ್ಕರ ಮಾಡಿದ ಈ ಏರ್ಪಾಡಿನಿಂದ ಮತ್ತೊಂದು ಫಲವೂ ಉಂಟಾಯಿತು. ಅಲ್ಲಿ ಮನೆ ಕಟ್ಟಿಕೊಂಡವರಲ್ಲಿ ಹೆಚ್ಚಿನವರು ಸರ್ಕಾರಿ ನೌಕರರು, ಉಪಾಧ್ಯಾಯರು, ವಕೀಲರು. ಅವರ ಅನ್ನವಿದ್ದುದು 1868ರಲ್ಲಿ ಕಟ್ಟಿ ಮುಗಿದ ಅಠಾರಾ ಕಚೇರಿಯಲ್ಲಿ, ಸೆಂಟ್ರಲ್ ಕಾಲೇಜಿನಲ್ಲಿ, ಕೋರ್ಟುಗಳಲ್ಲಿ. ಬಸವಣ್ಣನ ಗುಡಿಯಿಂದ ಅಠಾರಾ ಕಚೇರಿಗೆ ಮೂರೂವರೆ ಮೈಲಿಯ ಹತ್ತಿರ ಹತ್ತಿರ. ಹೀಗೆ ಮನೆಯೂ ಅಲ್ಲದ, ಕಚೇರಿಯೂ ಅಲ್ಲದ ಒಂದು ಮೂರನೆಯ ಸ್ಥಳವು, ಅಂದರೆ ದಾರಿಯು, ಮೊದಲ ಸಲ ಮಧ್ಯಮ ವರ್ಗದ ಮನುಷ್ಯನ ದಿನಚರಿಯೊಳಕ್ಕೆ ಬಂದಿತು.

ಆ ದಾರಿಯನ್ನು ನಡೆದು ಕಳೆದವರಿಗೆ ಜೊತೆಗಾರರಿದ್ದರು. ಜಟಕಾ ಬಂಡಿಯಲ್ಲಿ ಕುಳಿತವರ ಮೊಣಕಾಲುಗಳು ಪರಸ್ಪರ ತಗುಲುತ್ತಿದ್ದವು. ಅಲ್ಲಿ ಮೌನವೂ ಸಾಧ್ಯವಿರಲಿಲ್ಲ, ಸ್ವಗತವೂ ಸಾಧ್ಯವಿರಲಿಲ್ಲ. ಏಕಾಂತವನ್ನು ತಂದುಕೊಟ್ಟದ್ದು ಬೈಸಿಕಲ್ಲು. 1885ರಲ್ಲಿ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿಯು ಸರಪಣಿಯಿಂದ ಹಿಂದಿನ ಗಾಲಿಯನ್ನು ತಿರುಗಿಸುವ, ಎರಡು ಗಾಲಿಗಳೂ ಹೆಚ್ಚುಕಡಿಮೆ ಸಮನಾದ ‘ರೋವರ್’ ಗಾಡಿಯನ್ನು ಮಾಡಿದನು. ಮೂರು ವರ್ಷಗಳಲ್ಲಿ ಬೆಲ್‌ಫಾಸ್ಟಿನ ಡನ್‌ಲಪ್ಪನು ಗಾಳಿ ತುಂಬಿದ ರಬ್ಬರಿನ ಟೈರನ್ನು ಬಳಕೆಗೆ ತಂದನು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ರ‍್ಯಾಲಿ, ಹಂಬರ್, ಬಿ.ಎಸ್.ಎ., ಹರ್ಕ್ಯುಲಿಸ್ ಎಂಬ ಸೀಮೆಯ ಹೆಸರುಗಳು ಗುಮಾಸ್ತೆಯ ಮನೆಯ ಜಗಲಿಯವರೆಗೂ ಬಂದವು. ಕಬ್ಬಿಣದ ಆ ಕುದುರೆಗೆ ಹುರುಳಿ ಬೇಕಾಗಿರಲಿಲ್ಲ. ನಗರದ ಬಸ್ಸುಗಳ ವ್ಯವಸ್ಥೆಯು ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪೆನಿಯೊಡನೆ ಒಂದು ರೂಪಕ್ಕೆ ಬಂದದ್ದು 1940ರಲ್ಲಿ. ಅದಕ್ಕೆ ಮೊದಲೂ ಅದಾದ ಮೇಲೆ ಬಹುಕಾಲದವರೆಗೂ ಪಂಚೆಯ ಅಂಚು ಸರಪಣಿಗೆ ಸಿಕ್ಕದಂತೆ ಎತ್ತಿ ಕಟ್ಟಿ, ಕೋಟಿನ ಗುಂಡಿ ಹಾಕಿ, ಊಟದ ಡಬ್ಬಿಯನ್ನು ಹಿಂದಿನ ಕ್ಯಾರಿಯರಿಗೆ ಬಿಗಿದು ಹೊರಡುವವರ ಸಾಲು ಬೆಳಗಿನ ಬಸವನಗುಡಿಯ ಸಾಮಾನ್ಯ ದೃಶ್ಯವಾಗಿದ್ದಿತು.

ಈ ವಾಹನದ ರಚನೆಯನ್ನೇ ಗಮನಿಸಬೇಕು. ಸವಾರನ ಕೈಗಳೆರಡೂ ಹಿಡಿಯ ಮೇಲೆ, ಕಾಲುಗಳೆರಡೂ ತುಳಿಯುವುದರಲ್ಲಿ, ಕಣ್ಣು ದಾರಿಯ ಮೇಲೆ. ಓದುವಂತಿಲ್ಲ, ಬರೆಯುವಂತಿಲ್ಲ, ನಶ್ಯದ ಡಬ್ಬಿಯನ್ನು ತೆಗೆಯುವುದೂ ಕಷ್ಟ. ಇಡೀ ದೇಹದಲ್ಲಿ ಬಿಡುವಾಗಿರುವ ಅಂಗವೆಂದರೆ ನಾಲಗೆಯೊಂದೇ. ಸಮನೆಲದ ಮೇಲೆ ಉಸಿರು ತುಳಿತದ ಲಯಕ್ಕೆ ಹೊಂದಿಕೊಳ್ಳುತ್ತದೆ. ಉಸಿರಿನ ಲಯಕ್ಕೆ ಮಾತು ಹೊಂದಿಕೊಳ್ಳುತ್ತದೆ. ಬ್ಯೂಗಲ್ ಬಂಡೆಯ ಕಡೆಯ ಏರಿನಲ್ಲಿ ಮಾತು ತುಂಡುತುಂಡಾಗುತ್ತದೆ, ಇಳಿಜಾರಿನಲ್ಲಿ ಗಾಲಿಯು ತಾನಾಗಿ ಟಿಕಟಿಕನೆ ಉರುಳುವಾಗ ವಾಕ್ಯವು ಮುಗಿಯುತ್ತದೆ. ಇದರ ಮೇಲೆ ಕಾನೂನಿನ ಸಹಾಯವೂ ಸೇರಿತು. ಮುನಿಸಿಪಾಲಿಟಿಗೆ ಕಂದಾಯ ಕಟ್ಟಿ ಬಿಲ್ಲೆ ಪಡೆಯಬೇಕು, ಕತ್ತಲಾದ ಮೇಲೆ ದೀಪ ಹಚ್ಚಬೇಕು, ಒಂದು ಸೈಕಲ್ಲಿನ ಮೇಲೆ ಇಬ್ಬರು ಕೂಡದು ಎಂಬ ಕಟ್ಟಳೆಗಳಲ್ಲಿ ಕಡೆಯದನ್ನು ಮಾಡಿದವರಿಗೆ ಸವಾರನ ಏಕಾಂತದ ಯೋಚನೆ ಇದ್ದಿರಲಾರದು. ಆದರೂ ‘ಡಬಲ್ಸ್’ ಹೋಗುವವರನ್ನು ಪೊಲೀಸಿನವನು ತಡೆದು ಇಳಿಸಿದಾಗಲೆಲ್ಲ ಒಬ್ಬ ಮನುಷ್ಯನಿಗೆ ಅವನ ದಾರಿಯು ಒಬ್ಬಂಟಿಯಾಗಿ ದೊರೆಯಿತು.

ಅವನು ಆಡಿಕೊಳ್ಳುತ್ತಿದ್ದುದೇನು? ಬೆಳಗಿನ ಹೊತ್ತಿನಲ್ಲಿ ಬಹುಶಃ ದೇವರ ನಾಮ. ಸ್ನಾನ ಸಂಧ್ಯಾವಂದನೆಗಳನ್ನು ಗಡಿಯಾರದ ಭಯದಿಂದ ಚುಟುಕುಗೊಳಿಸಿ ಹೊರಟವನು ಮನೆಯಲ್ಲಿ ಅರ್ಧಕ್ಕೆ ನಿಂತ ಸ್ತೋತ್ರವನ್ನು ದಾರಿಯಲ್ಲಿ ಮುಗಿಸುವುದುಂಟು. ಬಾಯಿಂದ ಆಡುವ ಜಪಕ್ಕಿಂತ ತುಟಿ ಮಾತ್ರ ಅಲುಗುವ ಉಪಾಂಶುವು ಹೆಚ್ಚಿನದು, ಅದಕ್ಕಿಂತಲೂ ಮಾನಸವು ಹೆಚ್ಚಿನದು ಎಂದು ಮನುಸ್ಮೃತಿಯ ಎರಡನೆಯ ಅಧ್ಯಾಯವು ಹೇಳುತ್ತದೆ. ಕಾಲಲ್ಲಿ ಚರ್ಮದ ಜೋಡನ್ನು ಮೆಟ್ಟಿಕೊಂಡು ಮಾಡುವ ಉಪಾಂಶುವಿಗೆ ಫಲವೆಷ್ಟೆಂದು ಆ ಗ್ರಂಥವು ತಿಳಿಸುವುದಿಲ್ಲ. 1917ರಲ್ಲಿ ತೆರೆದ ನ್ಯಾಷನಲ್ ಹೈಸ್ಕೂಲಿನ ಹುಡುಗರಂತಹವರಿಗಾದರೆ ಪರೀಕ್ಷೆಯ ಕಾಲದ ಬಾಯಿಪಾಠವೇ ಸ್ತೋತ್ರ.

ಗೃಹಸ್ಥನ ನಿಜವಾದ ಸ್ವಗತವು ಇವೆರಡೂ ಅಲ್ಲ. ಮನೆಯಲ್ಲಿ ತಂದೆಯ ಎದುರು, ಕಚೇರಿಯಲ್ಲಿ ಷಿರಸ್ತೇದಾರನ ಎದುರು ಆಡಲಾಗದ ಮಾತು ಅದು. ಅವಿಭಕ್ತ ಕುಟುಂಬದ ಮನೆಯೆಂದರೆ ಎಲ್ಲರಿಗೂ ಜಾಗವಿದ್ದು ಒಬ್ಬೊಬ್ಬರಿಗೆ ಮೂಲೆಯಿಲ್ಲದ ಸ್ಥಳ. ಪಡಸಾಲೆಯಲ್ಲಿ ಹಿರಿಯರು, ನಡುಮನೆಯಲ್ಲಿ ಮಕ್ಕಳು. ಹೆಂಡತಿಯೊಡನೆ ಹಗಲಿನಲ್ಲಿ ಮಾತನಾಡುವುದೂ ಸಂಕೋಚದ ವಿಷಯ. ತಂಗಿಯ ಮದುವೆಯ ಸಾಲ, ತಪ್ಪಿದ ಬಡ್ತಿ, ಊರಿನ ಜಮೀನಿನ ವ್ಯಾಜ್ಯ ಇವುಗಳನ್ನು ಅವನು ಯಾರಲ್ಲಿ ಹೇಳಿಕೊಳ್ಳಬೇಕು? ಹೋಗುವಾಗ, ರಜೆಯ ಅರ್ಜಿಯನ್ನು ಕೊಡುತ್ತ ಹೇಳಬೇಕಾದ ವಿನಯವಾಕ್ಯಗಳ ಅಭ್ಯಾಸ ನಡೆಯುತ್ತಿತ್ತು. ಬರುವಾಗ, ಆಗ ಹೇಳಬೇಕಾಗಿದ್ದು ಹೇಳದೆ ಉಳಿದ ಉತ್ತರವು ಕಬ್ಬನ್ ಪಾರ್ಕನ್ನು ದಾಟುವಷ್ಟರಲ್ಲಿ ಸಿದ್ಧವಾಗಿ, ಲಾಲ್‌ಬಾಗಿನ ಪಶ್ಚಿಮದ ಬಾಗಿಲ ಹತ್ತಿರ ಪೂರ್ಣಕಂಠದಲ್ಲಿ ಹೊರಬೀಳುತ್ತಿತ್ತು. ತಡವಾಗಿ ಹೊಳೆಯುವ ಈ ಉತ್ತರವನ್ನು ಹದಿನೆಂಟನೆಯ ಶತಮಾನದ ಫ್ರೆಂಚ್ ಲೇಖಕ ದಿದರೋ ಮಹಡಿಯ ಮೆಟ್ಟಿಲನ್ನು ಇಳಿಯುವಾಗ ಬರುವ ಬುದ್ಧಿಯೆಂದು ವರ್ಣಿಸಿದ್ದಾನೆ. ಪ್ಯಾರಿಸಿನವರಿಗೆ ಮೆಟ್ಟಿಲು, ಬಸವನಗುಡಿಯವರಿಗೆ ಮೂರೂವರೆ ಮೈಲಿ. ಮನೆಯ ಗೇಟಿನಲ್ಲಿ ಕಾಲೂರಿ ಇಳಿಯುವ ವೇಳೆಗೆ ಕೋಪವು ಮುಗಿದಿರುತ್ತಿತ್ತು. ಬಾಗಿಲಿಗೆ ಓಡಿ ಬಂದ ಮಕ್ಕಳು ಏಟು ತಿನ್ನದೆ ಉಳಿದುದಕ್ಕೆ ಆ ದಾರಿಯೇ ಎಷ್ಟೋ ಸಲ ಕಾರಣವಾಗಿರಬೇಕು.

ಹೆಂಗಸರಿಗೆ ಈ ದಾರಿ ಇರಲಿಲ್ಲ. ಅವರ ಸ್ವಗತವು ನಡೆದುದು ಒರಳಿನ ಮುಂದೆ, ಒಲೆಯ ಮುಂದೆ. ಹಲಸಂಗಿಯ ಗೆಳೆಯರು 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಓದಿದವರಿಗೆ, ಬೀಸುವ ಕಲ್ಲಿನೆದುರು ಕುಳಿತ ಹೆಂಗಸು ತವರನ್ನು, ಅಣ್ಣನನ್ನು, ಅತ್ತೆಯ ಮನೆಯನ್ನು ಕುರಿತು ತನ್ನೊಳಗಿನ ಎಷ್ಟನ್ನು ಹೇಳಿಕೊಂಡಿದ್ದಾಳೆಂಬುದು ತಿಳಿದಿದೆ. ಕೈಯ ಲಯಕ್ಕೆ ಮಾತು ಸೇರುವ ಸಂಗತಿ ಅಲ್ಲಿಯೂ ಒಂದೇ. ಆದರೆ ಲೋಕದ ತೀರ್ಪು ಒಂದೇ ಅಲ್ಲ. ಗಂಡಸು ತನ್ನಷ್ಟಕ್ಕೆ ಆಡಿಕೊಂಡರೆ ‘ಏನೋ ಯೋಚನೆಯಲ್ಲಿದ್ದಾರೆ’ ಎನ್ನುತ್ತಿದ್ದ ಮನೆಯವರು, ಹೆಂಗಸು ಆಡಿಕೊಂಡರೆ ‘ಗೊಣಗುತ್ತಾಳೆ’ ಎಂದುಬಿಡುತ್ತಿದ್ದರು. ಹಿಟ್ಟಿನ ಗಿರಣಿ ಬಂದ ಮೇಲೆ ಅವಳ ತೋಳಿಗೆ ವಿಶ್ರಾಂತಿ ದೊರೆಯಿತು. ಹಾಡಿಗೆ ಹೊತ್ತು ಉಳಿಯಲಿಲ್ಲ.

ಇದನ್ನು ದೌರ್ಬಲ್ಯವೆಂದು ತಿಳಿಯುವವರು ಆಧುನಿಕ ಮನಶ್ಶಾಸ್ತ್ರವನ್ನು ನೋಡಬಹುದು. ಮಕ್ಕಳು ಆಟವಾಡುತ್ತ ತಮ್ಮಷ್ಟಕ್ಕೆ ಆಡುವ ಮಾತನ್ನು 1923ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಪಿಯಾಜೆಯು ಪರಿಶೀಲಿಸಿ, ಅದು ಪರರ ದೃಷ್ಟಿಯನ್ನು ಇನ್ನೂ ಅರಿಯದ ಮನಸ್ಸಿನ ಲಕ್ಷಣವೆಂದನು. ರಷ್ಯದ ವೈಗಾಟ್‌ಸ್ಕಿಯು ಒಪ್ಪಲಿಲ್ಲ. ಆತನು ತೀರಿಕೊಂಡ 1934ನೆಯ ವರ್ಷದಲ್ಲಿಯೇ ಹೊರಬಂದ ಗ್ರಂಥದಲ್ಲಿ, ಆ ಮಾತು ಮಗುವು ತನ್ನ ಕೆಲಸವನ್ನು ತಾನೇ ನಡೆಸಿಕೊಳ್ಳುವ ಸಾಧನವೆಂದೂ ಕಾಲಕ್ರಮದಲ್ಲಿ ಅದೇ ಒಳಸರಿದು ಮೌನವಾದ ಆಲೋಚನೆಯಾಗುತ್ತದೆಂದೂ, ಕೆಲಸವು ಕಠಿನವಾದಷ್ಟೂ ಅದು ಹೆಚ್ಚುತ್ತದೆಂದೂ ತೋರಿಸಿದನು. ಭರ್ತೃಹರಿಯ ‘ವಾಕ್ಯಪದೀಯ’ವನ್ನು ಬಲ್ಲವರಿಗೆ ಇದು ಅಪರಿಚಿತವಾಗಿ ಕಾಣದು. ಹೊರಗೆ ಕೇಳುವ ವೈಖರಿಗೂ ಒಳಗಿನ ಪಶ್ಯಂತಿಗೂ ನಡುವೆ ಬುದ್ಧಿಯಲ್ಲಿಯೇ ಕ್ರಮಗೊಳ್ಳುವ ಮಧ್ಯಮೆಯೆಂಬ ಮಾತಿನ ಅವಸ್ಥೆಯೊಂದುಂಟೆಂದು ಅವನು ಹೇಳಿದ್ದಾನೆ. ಇಬ್ಬರ ಸಿದ್ಧಾಂತವೂ ಒಂದೇ ಎನ್ನುವುದು ಸಾಹಸ. ಇಬ್ಬರೂ ನೋಡಿದ ಹೊಸ್ತಿಲು ಒಂದೇ ಎನ್ನಬಹುದು.

ಬಸವನಗುಡಿಯ ಸಾಹಿತ್ಯಕ್ಕೂ ಈ ಹೊಸ್ತಿಲಿಗೂ ನಂಟುಂಟು. ಆ ಬಡಾವಣೆಯ ನಾಗಸಂದ್ರ ರಸ್ತೆಯಲ್ಲಿ ವಾಸವಾಗಿದ್ದ ಡಿ. ವಿ. ಗುಂಡಪ್ಪನವರು 1943ರಲ್ಲಿ ‘ಮಂಕುತಿಮ್ಮನ ಕಗ್ಗ’ವನ್ನು ಪ್ರಕಟಿಸಿದರು. ಅದರ ಪದ್ಯಗಳು ಮಂಕುತಿಮ್ಮನನ್ನು ಕರೆದೇ ಮುಗಿಯುತ್ತವೆ. ಹೇಳುವವನೂ ತಿಮ್ಮ, ಕೇಳುವವನೂ ತಿಮ್ಮ. ಗುರುವೊಬ್ಬನು ಶಿಷ್ಯರ ಸಾಲಿಗೆ ಉಪದೇಶಿಸಿದಂತೆ ಅದು ಕೇಳಿಸುವುದಿಲ್ಲ. ದಡ್ಡನೆಂದು ತನ್ನನ್ನೇ ಗದರಿಕೊಳ್ಳುತ್ತ, ಸಂತೈಸಿಕೊಳ್ಳುತ್ತ ನಡೆದವನ ಧ್ವನಿ ಅದು. ಕಗ್ಗಕ್ಕೂ ಬೈಸಿಕಲ್ಲಿಗೂ ಗಂಟು ಹಾಕುವುದು ಇಲ್ಲಿನ ಉದ್ದೇಶವಲ್ಲ. ತಮ್ಮ ದಾರಿಯ ಮಾತನ್ನು ಬೀದಿಯವರು ಕೇಳಿ ನಕ್ಕಾರೆಂದು ನಾಚುತ್ತಿದ್ದ ಸಂಸಾರಿಗಳ ನಡುವೆಯೇ ಅಂತಹ ಮಾತೊಂದು ಪುಸ್ತಕವಾಗಿ ಬಂದು, ಅವರ ಮನೆಗಳಲ್ಲಿ ಕಂಠಪಾಠವಾಯಿತು. ಮತ್ತೊಂದು ತುದಿಯಲ್ಲಿ ಟಿ. ಪಿ. ಕೈಲಾಸಂ (1884–1946) ತಮ್ಮ ನಾಟಕಗಳ ಎಲ್ಲ ಪಾತ್ರಗಳನ್ನೂ ತಾವೊಬ್ಬರೇ ಆಡಿ ತೋರಿಸುತ್ತಿದ್ದರು, ಎದುರಿಗಿದ್ದವರು ಬರೆದುಕೊಳ್ಳುತ್ತಿದ್ದರು.

1940ರಲ್ಲಿ ವಿಮಾನದ ಕಾರ್ಖಾನೆಯೂ 1948ರಲ್ಲಿ ಟೆಲಿಫೋನಿನ ಕಾರ್ಖಾನೆಯೂ ಬಂದ ಮೇಲೆ ಸೈಕಲ್ಲು ಗುಮಾಸ್ತೆಯ ವಾಹನವಾಗಿ ಮಾತ್ರ ಉಳಿಯದೆ ಕಾರ್ಮಿಕನ ವಾಹನವೂ ಆಯಿತು. ಅಲ್ಲಿಂದ ಮುಂದಿನ ಕಥೆ ತಿಳಿದದ್ದೇ. ಸ್ಕೂಟರು, ಮೋಟಾರುಗಳ ಸದ್ದಿನಲ್ಲಿ ತನ್ನ ಮಾತು ತನಗೇ ಕೇಳಿಸದಂತಾಯಿತು. ಸಂದಣಿಯಲ್ಲಿ ಕಣ್ಣೊಂದೇ ಅಲ್ಲ, ಮನಸ್ಸೂ ದಾರಿಯ ಮೇಲೆಯೇ ಇರಬೇಕಾಯಿತು. 2017ರಿಂದ ನ್ಯಾಷನಲ್ ಕಾಲೇಜಿನ ಬಳಿ ಮೆಟ್ರೊ ರೈಲು ನಿಲ್ಲುತ್ತದೆ. ಅದರಲ್ಲಿ ನಿಂತವರು ಒಬ್ಬರಿಗೊಬ್ಬರು ಹತ್ತಿರವಿದ್ದೂ ಮಾತಿಲ್ಲದೆ ಇರುತ್ತಾರೆ.

ಸಂಸ್ಕೃತದಲ್ಲಿ ಭಾಣವೆಂಬ ರೂಪಕಜಾತಿಯೊಂದುಂಟು. ಅದರಲ್ಲಿ ಪಾತ್ರ ಒಂದೇ. ವಿಟನೊಬ್ಬನು ನಗರದ ಬೀದಿಗಳಲ್ಲಿ ಹಾದುಹೋಗುತ್ತ, ಕಾಣದ ಜನರೊಡನೆ ಸಂಭಾಷಿಸುತ್ತಾನೆ, ‘ಏನೆಂದೆ?’ ಎಂದು ಆಕಾಶದ ಕಡೆ ಕೇಳಿ, ಬಾರದ ಉತ್ತರವನ್ನು ತಾನೇ ನುಡಿದು, ಅದಕ್ಕೆ ಪ್ರತ್ಯುತ್ತರವನ್ನೂ ಕೊಡುತ್ತಾನೆ. ಇದಕ್ಕೆ ಆಕಾಶಭಾಷಿತವೆಂದು ಹೆಸರು. ಪಾಟಲಿಪುತ್ರ, ಉಜ್ಜಯಿನಿಗಳ ಬೀದಿಗಳಲ್ಲಿ ಹೀಗೆ ನಡೆಯುವ ನಾಲ್ಕು ಹಳೆಯ ಭಾಣಗಳನ್ನು ರಾಮಕೃಷ್ಣ ಕವಿ ಮತ್ತು ರಾಮನಾಥ ಶಾಸ್ತ್ರಿಗಳು 1922ರಲ್ಲಿ ‘ಚತುರ್ಭಾಣೀ’ ಎಂಬ ಹೆಸರಿನಿಂದ ಅಚ್ಚು ಹಾಕಿಸಿದರು. ಓದಿದವರು ಅದನ್ನು ಹಿಂದಿನ ಕಾಲದ ಕವಿಸಮಯವೆಂದು ತಿಳಿದಿದ್ದರು. ಇಂದು ಗಾಂಧಿ ಬಜಾರಿನ ಬೀದಿಯಲ್ಲಿ ಸ್ಕೂಟರಿನ ಮೇಲೆ ಒಬ್ಬನೇ ಹೋಗುವವನು, ಶಿರಸ್ತ್ರಾಣದೊಳಗೆ ಮೊಬೈಲನ್ನು ಸಿಕ್ಕಿಸಿಕೊಂಡು ‘ಏನಂದೆ? ಏನಂದೆ?’ ಎಂದು ಗಟ್ಟಿಯಾಗಿ ಕೇಳುತ್ತ ಸಾಗುತ್ತಾನೆ. ಹೂವಿನ ಅಂಗಡಿಯವರು ತಲೆಯೆತ್ತಿಯೂ ನೋಡುವುದಿಲ್ಲ. ಅವನ ಹಿಂದೆಯೇ ಹಳೆಯ ಸೈಕಲ್ಲೊಂದರ ಮೇಲೆ ತುಟಿಯಲುಗಿಸುತ್ತ ಬರುವ ಮುದುಕನ ಕಿವಿಯಲ್ಲಿ ಯಾವ ತಂತಿಯೂ ಇಲ್ಲದಿದ್ದರೆ, ಆತನೂ ಯಾರೊಡನೆಯೋ ಮಾತನಾಡುತ್ತಿರಬೇಕೆಂದುಕೊಂಡು ಸುಮ್ಮನಾಗುತ್ತಾರೆ.