ಶಿಶುವಿನ ಬಟ್ಟೆ ಕಥೆ: ಹಾಳೆಯಿಂದ ಡೈಪರಿನ ತನಕ

ನಮ್ಮ ಸೀಮೆಲಿ ಮಳೆಗಾಲದ ಬಾಳಂತನ ಹೇಳದ್ರೆ ಮನೆ ತುಂಬಾ ಒದ್ದೆ ಬಟ್ಟೆ. ಸಾಗರ ಆಗ್ಲಿ, ಹೊಸನಗರ ಆಗ್ಲಿ, ತೀರ್ಥಹಳ್ಳಿ ಆಗ್ಲಿ, ಎಲ್ಲಾ ಕಡೆ ಒಂದೇ. ಜಗಲಿಲಿ ಕಟ್ಟಿದ ಗಳದ ಮೇಲೆ, ಅಡಿಗೆಮನೆ ಒಲೆ ಮೇಲೆ, ಬಚ್ಚಲ ಹಗ್ಗದ ಮೇಲೆ ಸಾಲಾಗಿ ತುಂಡುಬಟ್ಟೆ ನೇತಾಡ್ತಿರ್ತು. ಆಗುಂಬೆ, ಹುಲಿಕಲ್ಲು ಬದಿಗೆ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬಪ್ಪದು ಹೊಸತಲ್ಲ. ಹುಟ್ಟಿ ಒಂದು ವಾರ ಆದ ಶಿಶು ದಿನಕ್ಕೆ ಕಡಿಮೆ ಹೇಳದ್ರೂ 6 ಸಲ ಉಚ್ಚೆ ಹೊಯ್ಯವು. ಹಾಲು ಸರಿ ಕುಡೀತಿದ್ದು ಹೇಳಲೆ ಅದೇ ಗುರುತು. ಕಕ್ಕ ಅದರ ಮೇಲೆ. ದಿನಕ್ಕೆ 12 ಬಟ್ಟೆ, ಒಂದೊಂದು ಒಣಗಲೆ 3 ದಿನ ಹೇಳಿ ಲೆಕ್ಕ ಹಿಡಿದ್ರೆ, ಯಾವಾಗ ನೋಡಿದ್ರೂ 36 ಬಟ್ಟೆ ಹಗ್ಗದ ಮೇಲೇ ಇರವು. ಇದು ಒಂದೇ ಶಿಶುವಿನ ಲೆಕ್ಕ. ಕೂಡುಕುಟುಂಬದಲ್ಲಿ ಒಂದೇ ಮಳೆಗಾಲಕ್ಕೆ ಎರಡು ತೊಟ್ಟಿಲು ಕಟ್ಟಿದ್ರೆ ಎಂತ ಕಥೆ ಆಗ್ತಿತ್ತು ಹೇಳಿ ನೀವೇ ಯೋಚನೆ ಮಾಡಿ.

ರಾಜರ ಚರಿತ್ರೆ ಬರೆದವ್ವು ಇದ್ನ ಬರೆಯಲೆ ಹೋಜಿಲ್ಲೆ. ಆದ್ರೆ ಶಿಶುವಿನ ಬಟ್ಟೆಗೂ ಒಂದು ಚರಿತ್ರೆ ಇದ್ದು. ಅದು ಗೊತ್ತಿದ್ರೆ ಇವತ್ತು ರಾತ್ರಿ ಡೈಪರ್ ಎಂತಕ್ಕೆ ಸೋರಿತು ಹೇಳದೂ ಗೊತ್ತಾಗ್ತು. ಸೋರದೆ ಇಪ್ಪಲೆ ಮೂರು ಕೆಲಸ ಆಗವು: ಒಂದು ಹೀರದು, ಎರಡು ತಡೆಯದು, ಮೂರು ಮೈಗೆ ಸರಿಯಾಗಿ ಕೂರದು. ಈ ಮೂರಕ್ಕೂ ಉಪಾಯ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಊರಲ್ಲಿ ಸಿಕ್ಕಿದ್ದು. ನಾಲ್ಕನೇ ಕೆಲಸ ಒಂದಿದ್ದು, ತೊಳೆಯದು. ಅದ್ನ ಕಡೆಗೆ ಹೇಳ್ತಿ.

ಮೊದಲು ಹೀರದು. ಹುಟ್ಟಿದ ಶಿಶುಗೆ ಹೊಸ ಬಟ್ಟೆ ಹಾಕ್ಲಾಗ, ಹಳೆದೇ ಆಗವು ಹೇಳಿ ನಮ್ಮ ಹಿರಿಯರು ಹೇಳ್ತಿದ್ದ. ಅಜ್ಜನ ಹಳೆ ಪಂಚೆ, ಅಮ್ಮಮ್ಮನ ಉಟ್ಟು ಸವೆದ ಹತ್ತಿ ಸೀರೆ ಹರಿದು ಮಡಚಿ ಇಡ್ತಿದ್ದ. ಇದು ಬರೀ ಶಾಸ್ತ್ರ ಅಲ್ಲ. ಹೊಸ ಹತ್ತಿ ಬಟ್ಟೆಲಿ ನೂಲಿಗೆ ಹಾಕಿದ ಗಂಜಿ ಇರ್ತು, ಹತ್ತಿ ಎಳೆಯ ಮೇಲೆ ಹುಟ್ಟಾ ಒಂದು ಮೇಣದ ಪದರ ಇರ್ತು. ಎರಡೂ ನೀರನ್ನ ಒಳಗೆ ಬಿಡ್ತಿಲ್ಲೆ. ವರ್ಷಗಟ್ಲೆ ತೊಳೆದ ಪಂಚೆಲಿ ಅದೆಲ್ಲ ಹೋಗಿ ಮುಟ್ಟಿದ ಕೂಡ್ಲೇ ಹೀರ್ತು. ಈಗ ಅಂಗಡಿಯಿಂದ ಹೊಸ ಬಟ್ಟೆ ನ್ಯಾಪಿ ತಂದವ್ವು ಇದ್ನ ನೆನಪಿಡವು: ನಾಲ್ಕೈದು ಸಲ ತೊಳೆದು ಒಣಗಿಸದೆ ಕಟ್ಟಿದ್ರೆ ಅದು ಸೋರದೇ ಸೈ.

ಇನ್ನೊಂದು ವಿಷಯ ಎಣ್ಣೆ. ನಮ್ಮಲ್ಲಿ ಶಿಶುಗೆ ಎಣ್ಣೆ ಹಚ್ಚಿ ಮೀಯಿಸದು ಇದ್ದೇ ಇದ್ದು. ಆ ಎಣ್ಣೆ ಕಟ್ಟೋ ಬಟ್ಟೆಗೆ ಹಿಡಿದ್ರೆ ನೀರು ಮೇಲೇ ಜಾರಿ ತೊಡೆ ಸಂದಿಯಿಂದ ಹರೀತು. ಹಿಂದಿನವ್ವು ಬೂದಿ ನೀರಲ್ಲಿ ಬೇಯಿಸ್ತಿದ್ದ, ಅಂಟುವಾಳ ಹಾಕಿ ತಿಕ್ಕತಿದ್ದ. ಬೂದಿಯ ಕ್ಷಾರ ಎಣ್ಣೆ ಜೊತೆ ಸೇರಿದ್ರೆ ಸಾಬೂನಿನ ಹಂಗೇ ಆಗ್ತು, ಜಿಡ್ಡು ಬಿಟ್ಟು ಹೋಗ್ತು. ಹಾಂಗಾಗಿ ಎಣ್ಣೆ ಒರೆಸ ಬಟ್ಟೆ ಬೇರೆ ಇಡಿ, ಕಟ್ಟ ಬಟ್ಟೆ ಬೇರೆ ಇಡಿ. ಘಮ್ಮ ಹೇಳಿ ಪರಿಮಳ ಬಪ್ಪ ಕಂಡೀಷನರ್ ನೀರಲ್ಲಿ ಶಿಶುವಿನ ಬಟ್ಟೆ ಅದ್ದಲಾಗ. ಅದೂ ಎಳೆಯ ಮೇಲೆ ಪದರ ಕಟ್ತು.

ಈ ವಿಷಯ ಎಷ್ಟು ಹಳೆದು ಹೇಳದ್ರೆ ಚರಕ ಸಂಹಿತೆಲೇ ಇದ್ದು. ಶಾರೀರಸ್ಥಾನದ 8ನೇ ಅಧ್ಯಾಯದಲ್ಲಿ ಶಿಶುವಿನ ಹಾಸಿಗೆ, ಹೊದಿಕೆ ಮೆತ್ತಗೆ, ಹಗುರಾಗಿ, ಶುದ್ಧವಾಗಿ ಇರವು, ಮಲಮೂತ್ರ ತಾಗಿದ್ದನ್ನ ಬಿಡವು ಹೇಳಿದ್ದು. ಅದರ ಮುಂದಿನ ಮಾತು ಇನ್ನೂ ಚಂದ: ಬೇರೆ ಬಟ್ಟೆ ಸಿಗದೆ ಇದ್ರೆ ಅದನ್ನೇ ಚೆನ್ನಾಗಿ ತೊಳೆದು, ಹೊಗೆ ಕೊಟ್ಟು, ಪೂರಾ ಒಣಗಿಸಿ ಉಪಯೋಗ ಮಾಡಕ್ಕು. ಬಡವರ ಮನೆ, ಮಳೆಗಾಲದ ಮನೆ ಎರಡೂ ಆ ಕಾಲದವ್ಕೆ ಗೊತ್ತಿತ್ತು ಹೇಳಿ ಕಾಣ್ತು. ನಮ್ಮಲ್ಲಿ ಕೆಂಡದ ಮೇಲೆ ಬುಟ್ಟಿ ಕವುಚಿ, ಅದರ ಮೇಲೆ ಬಟ್ಟೆ ಹರಡಿ ಒಣಗಿಸ್ತಿದ್ದದು ಅದೇ ಕ್ರಮ. ಈಗ ಒಲೆ ಇಲ್ಲದವ್ವು ಇಸ್ತ್ರಿ ಪೆಟ್ಟಿಗೆಲಿ ಒಂದು ಸಲ ಒತ್ತಿದ್ರೂ ಸಾಕು. ಆದ್ರೆ ಅರೆಒದ್ದೆ ಬಟ್ಟೆ ಮಾತ್ರ ಕಟ್ಟಲಾಗ, ತೊಡೆ ಸಂದಿ ಕೆಂಪಾಗ್ತು.

ಎರಡನೇದು ತಡೆಯದು. ಬಟ್ಟೆ ಎಷ್ಟು ದಪ್ಪ ಮಾಡಿದ್ರೂ ತುಂಬಿದ ಮೇಲೆ ಹೊರಗೆ ಬಂದೇ ಬತ್ತು. ನಮ್ಮೂರಲ್ಲಿ ಇದಕ್ಕೆ ತೋಟದಲ್ಲೇ ಉತ್ತರ ಇತ್ತು. ಅಡಿಕೆ ಹಾಳೆಲಿ ಶಿಶುವನ್ನ ಮಲಗಿಸಿ ಮೀಯಿಸ್ತಿದ್ದದು ನಿಮಗೆಲ್ಲ ಗೊತ್ತಿದ್ದು. ನೀರು ಇಳೀತಿಲ್ಲೆ, ತೊಳೆದ್ರೆ ಶುದ್ಧ, ಹರಿದ್ರೆ ಇನ್ನೊಂದು ಬಿದ್ದಿರ್ತು. ಮಲಗೋ ಜಾಗಕ್ಕೆ ಕಂಬಳಿ ತುಂಡು. ಉಣ್ಣೆ ನೀರನ್ನ ಬೇಗ ಕೆಳಗೆ ಬಿಡ್ತಿಲ್ಲೆ, ಒದ್ದೆ ಆದ್ರೂ ಥಂಡಿ ಹೊಡೀತಿಲ್ಲೆ. ಗದ್ದೆಲಿ ನೆಟ್ಟಿ ಮಾಡವ್ವು ತಲೆ ಮೇಲೆ ಹಾಕ್ಕ್ಯಂಬ ಕಂಬಳಿ ಕೊಪ್ಪೆಯ ಬುದ್ಧಿಯೇ ತೊಟ್ಟಿಲಿಗೂ ಬಂದದ್ದು.

ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ 1823ರಲ್ಲಿ ಎರಡು ಬಟ್ಟೆಯ ನಡುವೆ ರಬ್ಬರ್ ಕೂರಿಸಿ ನೀರು ಇಳಿಯದ ಬಟ್ಟೆಗೆ ಪೇಟೆಂಟ್ ತಗಂಡ್ರು. ಅದು ಮಳೆ ಕೋಟು ಆತು, ಆಮೇಲೆ ಆಸ್ಪತ್ರೆ ಮಂಚಕ್ಕೆ ಬಂತು, ಅಲ್ಲಿಂದ ನಮ್ಮ ಬಾಳಂತಿ ಕೋಣೆಗೆ ರಬ್ಬರ್ ಶೀಟ್ ಆಗಿ ಬಂತು. ಶೀಟ್ ಹಾಸಿಗೆಯನ್ನ ಉಳಿಸಿತು, ಸರಿ. ಆದ್ರೆ ಅದರ ಮೇಲೆ ಹೀರೋ ಬಟ್ಟೆ ಹಾಕದೆ ಮಲಗಿಸಿದ್ರೆ ಶಿಶು ಹೊಂಡದಲ್ಲಿ ಮಲಗಿದ ಹಂಗೆ. ತಡೆಯ ಪದರ ಒಂದೇ ಸಾಕಾಗ್ತಿಲ್ಲೆ, ಹೀರ ಪದರ ಅದರ ಮೇಲೆ ಇರವು.

ಮೂರನೇದು ಮೈಗೆ ಕೂರದು. ನಮ್ಮಲ್ಲಿ ಮೂರು ಮೂಲೆ ಮಡಚಿ ಗಂಟು ಹಾಕ ಲಂಗೋಟಿ. ಅಮೆರಿಕದ ವಾಲ್ಟರ್ ಹಂಟ್ 1849ರಲ್ಲಿ ಸೇಫ್ಟಿ ಪಿನ್ನಿಗೆ ಪೇಟೆಂಟ್ ಪಡೆದ್ರು, ಸಾಲ ತೀರಿಸಲೆ ಹಕ್ಕನ್ನ 400 ಡಾಲರಿಗೆ ಮಾರಿದ್ರು. ಅಲ್ಲಿಂದ ನೂರು ವರ್ಷ ಲೋಕದ ತಾಯಂದಿರೆಲ್ಲ ಪಿನ್ನು ಚುಚ್ಚದೆ ಇರಲಿ ದೇವರೇ ಹೇಳ್ಕ್ಯಂಡು ಕಟ್ಟಿದ್ದು.

ಮುಂದಿನ ಹೆಜ್ಜೆ ಇಟ್ಟವ್ವು ಇಬ್ಬರು ತಾಯಂದಿರು. ಅಮೆರಿಕದ ಮೇರಿಯನ್ ಡೊನೊವನ್ 1946ರಲ್ಲಿ ಬಚ್ಚಲ ಪರದೆ ಕತ್ತರಿಸಿ, ಬಟ್ಟೆಯ ಮೇಲೆ ಹಾಕ ಹೊರಚಡ್ಡಿ ಹೊಲಿದ್ರು. ಪಿನ್ನಿನ ಬದಲು ಟಿಚ್ ಬಟನ್. ನೋಡಲೆ ದೋಣಿ ಹಂಗೆ ಇತ್ತು ಹೇಳಿ 'ಬೋಟರ್' ಹೇಳ ಹೆಸರಿಟ್ರು. ಕಂಪನಿಯವ್ವು ಯಾರೂ ಬೇಡ ಹೇಳಿದ ಮೇಲೆ 1949ರಲ್ಲಿ ನ್ಯೂಯಾರ್ಕಿನ ಒಂದು ದೊಡ್ಡ ಅಂಗಡಿಲಿ ಇಟ್ಟು ಮಾರಿದ್ರು. 1951ರಲ್ಲಿ ಹಕ್ಕು 10 ಲಕ್ಷ ಡಾಲರಿಗೆ ಹೋತು. ಅದೇ ಕಾಲಕ್ಕೆ ಇಂಗ್ಲೆಂಡಿನಲ್ಲಿ ಸೈನ್ಯಾಧಿಕಾರಿಯ ಹೆಂಡತಿ ವಲೇರಿ ಹಂಟರ್ ಗೋರ್ಡನ್, ತೊಳೆದು ತೊಳೆದು ಸಾಕಾಗಿ, ಪ್ಯಾರಾಶೂಟಿನ ನೈಲಾನ್ ಬಟ್ಟೆಲಿ ಹೊರಚಡ್ಡಿ ಹೊಲಿದು, ಒಳಗೆ ಬಿಸಾಕ ಪ್ಯಾಡ್ ಇಟ್ರು. ಅವರದ್ದು 'ಪ್ಯಾಡಿ'. ಗೆಳತಿಯರಿಗೆ ಮನೆಲೇ ಕೂತು ನೂರಾರು ಹೊಲಿದು ಕೊಟ್ರು. ಹೀರದು, ತಡೆಯದು, ಕೂರದು ಮೂರೂ ಒಟ್ಟಾಗಿದ್ದು ಹೀಂಗೆ, ಮನೆಯ ಹೊಲಿಗೆ ಮಿಶಿನ್ನಿನ ಮೇಲೆ.

ಆಮೇಲಿನದ್ದು ಕಾರ್ಖಾನೆಯ ಕಥೆ. 1961ರಲ್ಲಿ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿ ಪ್ಯಾಂಪರ್ಸ್ ತಂತು. ಮೊದಲು ಒಳಗೆ ಕಾಗದದ ತಿರುಳು ಇತ್ತು, ಹಾಂಗಾಗಿ ದಪ್ಪ. 1980ರ ದಶಕದಲ್ಲಿ ಸಕ್ಕರೆ ಹರಳಿನ ಹಂಗೆ ಇಪ್ಪ ಒಂದು ಪುಡಿ ಸೇರಿಸಿದ್ರು. ನೀರು ತಾಗಿದ ಕೂಡ್ಲೇ ಅದು ಉಬ್ಬಿ ಲೋಳೆ ಆಗ್ತು, ಒತ್ತಿದ್ರೂ ಬಿಡ್ತಿಲ್ಲೆ. ನಮ್ಮ ದೇಶದಲ್ಲಿ 1990ರ ದಶಕದಲ್ಲಿ ಹಗ್ಗೀಸ್ ಬಂತು. ನಮ್ಮ ಹಳ್ಳಿ ಅಂಗಡಿಲಿ ಬಿಡಿ ಡೈಪರ್ ತೂಗಾಡಲೆ ಸುರುವಾಗಿದ್ದು ಅದಾಗಿ ಎಷ್ಟೋ ವರ್ಷಕ್ಕೆ.

ಈಗ ಡೈಪರ್ ಸೋರದ್ರೆ ಎಲ್ಲಿ ತಪ್ಪಿದ್ದು ಹೇಳಿ ಈ ಮೂರರಲ್ಲೇ ಹುಡುಕವು. ತೊಡೆ ಹತ್ರ ಸೋರದ್ರೆ ಅಂಚಿನ ನೆರಿಗೆ ಒಳಗೆ ಮಡಚಿ ಹೋಜು. ಬೆರಳು ಆಡಿಸಿ ಹೊರಗೆ ಎಳೀರಿ. ಮಾಣಿಯಾದ್ರೆ ಉಚ್ಚೆ ಮೇಲಿಂದ ಹರೀತು. ಕಟ್ಟುವಾಗ ಅದ್ನ ಕೆಳಮುಖ ಮಾಡವು. ಬೆನ್ನ ಮೇಲೆ ಕಕ್ಕ ಏರಿದ್ರೆ ಸೊಂಟದಲ್ಲಿ ಸಡಿಲ ಇದ್ದು; ಎರಡು ಬೆರಳು ಹೋಪಷ್ಟು ಬಿಟ್ಟು ಕಟ್ಟಿ. ಎದೆಹಾಲು ಕುಡಿವ ಶಿಶುವಿನ ಕಕ್ಕ ತೆಳ್ಳಗೆ ಅರಿಶಿನ ಬಣ್ಣದ್ದು ಇಪ್ಪದೇ ಸಹಜ, ಭೇದಿ ಹೇಳಿ ಹೆದರದು ಬೇಡ. ಹೊಕ್ಕಳ ಬಳ್ಳಿ ಬೀಳುವ ತನಕ ಮೇಲಂಚು ಅದರ ಕೆಳಗೇ ಮಡಚವು. ಬದಲಿಸುವಾಗ ಹೊಸದನ್ನ ಹಳೆಯದರ ಅಡಿಗೆ ಮೊದಲೇ ಸರಿಸಿಟ್ಟು ಆಮೇಲೆ ಬಿಚ್ಚಿ. ಮಾಣಿ ಮೇಲೆ ಒಂದು ತುಂಡುಬಟ್ಟೆ ಮುಚ್ಚಿ, ಇಲ್ಲದಿದ್ರೆ ನಿಮ್ಮ ಮುಖಕ್ಕೇ ಅಭಿಷೇಕ. ಕೂಸಾದ್ರೆ ಮುಂದಿನಿಂದ ಹಿಂದಕ್ಕೇ ಒರೆಸವು. ಡೈಪರ್ ಹಾಕಿದ್ರೆ ಕಾಲು ಸೊಟ್ಟ ಆಗ್ತು ಹೇಳದು ನಿಜ ಅಲ್ಲ. ಹುಟ್ಟಿದ ಶಿಶುವಿನ ಕಾಲು ಬಿಲ್ಲಿನ ಹಂಗೇ ಇರ್ತು. ಆದ್ರೆ ಸೋರ್ತಿಲ್ಲೆ ಹೇಳಿ ರಾತ್ರಿಯಿಂದ ಮಧ್ಯಾಹ್ನದ ತನಕ ಒಂದೇ ಬಿಡದು ಮಾತ್ರ ತಪ್ಪು. ಕಕ್ಕ ಆದ ಕೂಡ್ಲೇ, ಇಲ್ಲದಿದ್ರೆ ಮೂರು ನಾಲ್ಕು ಗಂಟೆಗೆ ಬದಲಿಸವು.

ಇನ್ನು ತೊಳೆಯ ಕೆಲಸ. ಅಮೆಯ 10 ದಿನ ಎಷ್ಟೋ ಮನೆಲಿ ಬಾಳಂತಿ ಬಟ್ಟೆ, ಶಿಶುವಿನ ಬಟ್ಟೆ ತೊಳೀತಿದ್ದವ್ವು ಮಡಿವಾಳರ ಮನೆಯ ಹೆಂಗಸ್ರು. ಆಮೇಲೆ ಅತ್ತೆ, ಅತ್ತಿಗೆ, ನಾದಿನಿ, ಕಡೆಗೆ ಬಾಳಂತಿಯೇ. ಶಿಶು ಹೆತ್ತವಳ ಹೆಸರಾದ್ರೂ ವಂಶಾವಳಿಲಿ ಎಲ್ಲೋ ಸಿಗ್ತು, ಹಳ್ಳದ ಕಲ್ಲಿನ ಮೇಲೆ ಆ ಬಟ್ಟೆ ಒಗೆದವಳ ಹೆಸರು ಎಲ್ಲೂ ಇಲ್ಲೆ. ಹಿಂದಿನವ್ವು ಬರೀ ಬಟ್ಟೆಲೇ ಮಕ್ಕಳ ಸಾಕಿದ್ವಲ್ದ ಹೇಳಿ ಸೊಸೆಯಕ್ಕಳಿಗೆ ಹೇಳುವಾಗ ಇದ್ನ ಮರೆಯಲಾಗ. ಆಗ ಒಂದು ಶಿಶುಗೆ ಆರು ಕೈ ಇತ್ತು. ಈಗ ಮಳೆಗಾಲದ ಮನೇಲಿ ಮಂಡಿನೋವಿನ ಅತ್ತೆ ಒಬ್ಬರು, ರಾತ್ರಿ ನಿದ್ದೆ ಇಲ್ಲದ ಬಾಳಂತಿ ಒಬ್ಬಳು. ಡೈಪರ್ ಬಂದದ್ದು ಸೋಮಾರಿತನಕ್ಕೆ ಅಲ್ಲ, ಆ ನಾಲ್ಕು ಕೈಯ ಜಾಗಕ್ಕೆ.

ಹಾಂಗೆ ಹೇಳಿ ಅದಕ್ಕೆ ಖರ್ಚಿಲ್ಲೆ ಹೇಳಲೂ ಆಗ್ತಿಲ್ಲೆ. ಪಂಚೆ ತುಂಡು ಹರಿದು ಮಣ್ಣಿಗೆ ಸೇರ್ತಿತ್ತು, ಹಾಳೆ ಗೊಬ್ಬರ ಆಗ್ತಿತ್ತು. ಡೈಪರಿನ ಪ್ಲಾಸ್ಟಿಕ್ಕು ಹೋಗ್ತಿಲ್ಲೆ. ಕೆಲವ್ವು ಬಚ್ಚಲ ಒಲೆಗೆ ತುರುಕ್ತ, ಕೆಲವ್ವು ತೋಟದಂಚಿನ ಹಳ್ಳಕ್ಕೆ ಎಸೀತ. ಎರಡೂ ಮಾಡ್ಲಾಗ. ಶರಾವತಿ ಹುಟ್ಟದು ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ. ಹೊಸನಗರ ದಾಟಿ ಸಾಗರಕ್ಕೆ ಬಂದು ಲಿಂಗನಮಕ್ಕಿಲಿ ನಿಲ್ತು. ಆ ಬದಿಯ ಹಳ್ಳಕ್ಕೆ ಹಾಕಿದ್ದು ಈ ಬದಿಯ ನೆಂಟರ ನೀರಿಗೇ ಬಪ್ಪದು. 2016ರ ಘನತ್ಯಾಜ್ಯ ನಿಯಮದಲ್ಲೂ ಡೈಪರನ್ನ ಸುತ್ತಿ ಕೊಡವು ಹೇಳಿ ಇತ್ತು. ಕಕ್ಕವನ್ನ ಪಾಯಿಖಾನೆಗೆ ಹಾಕಿ, ಡೈಪರ್ ಮಡಚಿ, ಕಾಗದದಲ್ಲಿ ಸುತ್ತಿ ಪಂಚಾಯ್ತಿ ಕಸದ ಗಾಡಿಗೆ ಕೊಡಿ. ಗಾಡಿ ಬಾರದ ಊರಾದ್ರೆ ಗ್ರಾಮಸಭೆಲಿ ಎದ್ದು ನಿಂತು ಕೇಳಿ, ನಾಚಿಕೆ ಬೇಡ.

ನಾನು ಹೇಳದು ಇಷ್ಟೇ: ಹಗಲು ಮನೇಲಿ ಇಪ್ಪಾಗ ಹಳೆ ಪಂಚೆ, ಅಡಿಗೆ ಕಂಬಳಿ ಅಥವಾ ಶೀಟ್, ರಾತ್ರಿಗೆ, ಪ್ರಯಾಣಕ್ಕೆ, ಆಷಾಢದ ಜಡಿಮಳೆಗೆ ಡೈಪರ್. ಮನೆಯ ಗಂಡಸ್ರಿಗೂ ಮಡಚಲೆ, ಕಟ್ಟಲೆ, ತೊಳೆಯಲೆ ಕಲಿಸಿ. ನಾಲ್ಕನೇ ಕೆಲಸ ಹಂಚಿಕ್ಯಂಡ್ರೆ ಉಳಿದ ಮೂರು ಅರ್ಧ ಹಗುರ. ಮನೇಲಿ ಹಿರಿಯರು ಇದ್ರೆ ಅವ್ವು ಎಂತ ಕಟ್ತಿದ್ದ, ಮಳೇಲಿ ಹೆಂಗೆ ಒಣಗಿಸ್ತಿದ್ದ, ಯಾರು ತೊಳೀತಿದ್ದ ಹೇಳಿ ಒಂದು ಸಂಜೆ ಕೂತು ಕೇಳಿ ಬರೆದಿಡಿ.