ಮೇಲೆ ಮೇಲೆ, ಕೆಳಗೆ ಕೆಳಗೆ

ತೊಂಬತ್ತರ ದಶಕದಲ್ಲಿ ದಾವಣಗೆರೆಯ ನಮ್ಮ ಬೀದಿಯ ತುದಿಗೆ ಒಂದು ವಿಡಿಯೋ ಗೇಮ್ ಅಂಗಡಿ ಇತ್ತು. ಎರಡು ಟಿವಿ, ಗಂಟೆಗೆ ಇಷ್ಟು ಅಂತ ಬಾಡಿಗೆ. ‘ಕಾಂಟ್ರಾ’ ಶುರುವಾಗುವ ಮುನ್ನ ದೊಡ್ಡ ಹುಡುಗರು ಮಂತ್ರ ಹೇಳಿದ ಹಾಗೆ ಬಟನ್ ಒತ್ತುತ್ತಿದ್ದರು: ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ. ಮೂರು ಜೀವ ಹೋಗಿ ಮೂವತ್ತಾಗುತ್ತಿತ್ತು. ಇದನ್ನು ಯಾರು, ಯಾಕೆ ಮಾಡಿಟ್ಟರು ಅನ್ನುವ ಪ್ರಶ್ನೆ ಆಗ ಬರಲಿಲ್ಲ. ಪುಣೆಗೆ ಬಂದು, ಬೇರೆಯವರ ಕೋಡಿನಲ್ಲಿ ತಪ್ಪು ಹುಡುಕಿಸುವುದೇ ಹೊಟ್ಟೆಪಾಡಾದ ಮೇಲೆ ಬಂತು.

ಆ ಮಂತ್ರ ಹುಟ್ಟಿದ್ದು ಕಾಂಟ್ರಾದಲ್ಲಲ್ಲ, ‘ಗ್ರೇಡಿಯಸ್’ ಎಂಬ ಆಟದಲ್ಲಿ. ಜಪಾನಿನ ಕೊನಾಮಿ ಕಂಪನಿ 1985ರಲ್ಲಿ ಆರ್ಕೇಡ್ ಅಂಗಡಿಗಳಿಗಾಗಿ ಮಾಡಿದ್ದು. ‘ವಿಕ್ ವೈಪರ್’ ಎಂಬ ಪುಟ್ಟ ಗಗನನೌಕೆ ಎಡದಿಂದ ಬಲಕ್ಕೆ ಹಾರುತ್ತದೆ. ಮೊದಲಿಗೆ ಅದು ಎತ್ತಿನಗಾಡಿ. ಕೆಲವು ಶತ್ರುಗಳನ್ನು ಹೊಡೆದರೆ ಕ್ಯಾಪ್ಸೂಲ್ ಉದುರುತ್ತದೆ. ಅದನ್ನು ಕೂಡಿಸಿಕೊಂಡು ವೇಗ, ಕ್ಷಿಪಣಿ, ಲೇಸರ್, ಜೊತೆಗೆ ಗುಂಡು ಹಾರಿಸುವ ‘ಆಪ್ಷನ್’ ಎಂಬ ಬೆಂಕಿಯುಂಡೆಗಳನ್ನು ಒಂದೊಂದಾಗಿ ಕೊಳ್ಳಬೇಕು. ಯಾವುದನ್ನು ಈಗ, ಯಾವುದನ್ನು ಆಮೇಲೆ ಅನ್ನುವ ಲೆಕ್ಕಾಚಾರವೇ ಆಟದ ಸೊಗಸು.

ಒಂದು ಗುಂಡು ತಗುಲಿದರೆ ಎಲ್ಲವೂ ಹೋಯಿತು. ಜೀವ ಒಂದು ಹೋಗುವುದಷ್ಟೇ ಅಲ್ಲ, ಗಳಿಸಿದ್ದೆಲ್ಲ ಹೋಗಿ ಮತ್ತೆ ಎತ್ತಿನಗಾಡಿ. ಅದೂ ಹಂತದ ನಡುವೆ, ಕಲ್ಲು ಉಗುಳುವ ಜ್ವಾಲಾಮುಖಿಗಳ ಮುಂದೆ. ಬಡವನಾದವನು ಇನ್ನಷ್ಟು ಬೇಗ ಬಡವನಾಗುವ ವ್ಯವಸ್ಥೆ. (ಇದನ್ನು ಮಾಡಿದವರು ಗೃಹಸಾಲ ತೀರಿಸುತ್ತಿದ್ದಿರಬೇಕು.) ಆರ್ಕೇಡ್ ಅಂಗಡಿಯವನಿಗೆ ಇದು ಕ್ರೌರ್ಯವಲ್ಲ, ವ್ಯಾಪಾರ. ಒಬ್ಬನೇ ಒಂದು ನಾಣ್ಯಕ್ಕೆ ಒಂದು ಗಂಟೆ ಆಡಿದರೆ ಅಂಗಡಿಯ ಬಾಡಿಗೆ ಹುಟ್ಟುವುದೆಲ್ಲಿಂದ?

1986ರಲ್ಲಿ ಇದೇ ಆಟ ಮನೆಯ ಟಿವಿಗೆ, ನಿಂಟೆಂಡೊದ ಫ್ಯಾಮಿಕಾಮ್‌ಗೆ ಬಂತು. ಆ ಪುಟ್ಟ ಯಂತ್ರಕ್ಕೆ ಆರ್ಕೇಡಿನ ಭಾರ ಹೊರಲಾಗಲಿಲ್ಲ. ನಾಲ್ಕು ಆಪ್ಷನ್ ಇದ್ದದ್ದು ಎರಡಾಯಿತು. ಮನೆಯಲ್ಲಿ ನಾಣ್ಯ ಹಾಕುವ ಕಿಂಡಿಯೇ ಇಲ್ಲ, ಆದರೂ ಆ ಕಿಂಡಿಗಾಗಿ ಹುಟ್ಟಿದ ಕಷ್ಟ ಮಾತ್ರ ಆಟದ ಜೊತೆಗೇ ಬಂತು. ಈ ಕೆಲಸದಲ್ಲಿದ್ದ ಕಝುಹಿಸಾ ಹಶಿಮೊಟೊ ತಾನು ತಯಾರಿಸುತ್ತಿದ್ದ ಆಟವನ್ನು ತಾನೇ ಗೆಲ್ಲಲಾಗದವರು. ಪರೀಕ್ಷಿಸಬೇಕೆಂದರೆ ಕೊನೆಯವರೆಗೂ ಹೋಗಬೇಕಲ್ಲ? ಆಟ ನಿಲ್ಲಿಸಿ ಹತ್ತು ಬಟನ್ ಒತ್ತಿದರೆ ಬಲವೆಲ್ಲ ಒಟ್ಟಿಗೇ ಸಿಗುವಂತೆ ಮಾಡಿಕೊಂಡರು. ಬಳಸುವವರು ತಾವೇ ಆದ್ದರಿಂದ ನೆನಪಿಡಲು ಸುಲಭವಾದ ಕ್ರಮ. ಅದು ಹಾಗೆಯೇ ಕಾರ್ಟ್ರಿಜ್‌ನಲ್ಲಿ ಉಳಿಯಿತು. ರಾಮ್‌ಗೆ ಇಳಿದ ಕೋಡನ್ನು ಇವತ್ತಿನಂತೆ ಮಧ್ಯರಾತ್ರಿ ಪ್ಯಾಚ್ ಕಳಿಸಿ ತಿದ್ದಲಾಗದು. ಹಾಂ, ಸ್ಪಷ್ಟಪಡಿಸುತ್ತೇನೆ, ಆರ್‌ಓಎಮ್ ರಾಮ್; ಅಳಿಸಲಾಗದ್ದು.

ಮುಂದೆ ಕಂಪನಿ ಅದನ್ನೇ ಚೇಷ್ಟೆಗೆ ಬಳಸಿಕೊಂಡಿತು. ಸೂಪರ್ ಫ್ಯಾಮಿಕಾಮ್‌ನ ಗ್ರೇಡಿಯಸ್ 3ರಲ್ಲಿ ಹಳೆಯ ಮಂತ್ರವನ್ನೇ ಹಾಕಿದರೆ ಬಲವೆಲ್ಲ ಬಂದು, ಮರುಕ್ಷಣ ನೌಕೆ ಸಿಡಿದು ಚೂರಾಗುತ್ತದೆ.

ಇದನ್ನೆಲ್ಲ ಓದಿಕೊಂಡದ್ದು 2020ರ ಫೆಬ್ರುವರಿಯಲ್ಲಿ, ಹಶಿಮೊಟೊ ತೀರಿಕೊಂಡ ಸುದ್ದಿ ಬಂದಾಗ. ಅದಕ್ಕೂ ಕೆಲವು ವರ್ಷ ಹಿಂದೆ ನನ್ನ ತಂಡದ ಹುಡುಗನೊಬ್ಬ ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಅಡ್ಡದಾರಿಯೊಂದು ತಂತ್ರಾಂಶದ ಜೊತೆ ಗ್ರಾಹಕರ ಕೈಗೇ ಹೋಗಿಬಿಟ್ಟಿತ್ತು. ನಷ್ಟವೇನೂ ಆಗಲಿಲ್ಲ. ಆದರೂ ಇಪ್ಪತ್ತು ಜನರನ್ನು ಸೇರಿಸಿಕೊಂಡು ಅವನಿಗೆ ಖಾರವಾದ ಮೇಲ್ ಬರೆದೆ. ಪರೀಕ್ಷೆಗೆ ನಾನೇ ಕೊಟ್ಟಿದ್ದು ಎರಡು ದಿನ ಎಂಬುದನ್ನು ಅದರಲ್ಲಿ ಬರೆದಿರಲಿಲ್ಲ. ಮೂರು ತಿಂಗಳಿಗೆ ಅವನು ಕೆಲಸ ಬಿಟ್ಟ.

ಈಗ ಮಗಳು ಪಕ್ಕದಲ್ಲಿ ಕೂತು ನಾನು ಗ್ರೇಡಿಯಸ್ ಆಡುವುದನ್ನು ನೋಡಿ ನಗುತ್ತಾಳೆ. ಮೂರನೆಯ ಹಂತದಲ್ಲಿ ಮೋಆಯಿ ಕಲ್ಲಿನ ತಲೆಗಳು ಬಾಯಿಂದ ಬಳೆಯಂಥ ಗುಂಡು ಉಗುಳುತ್ತವೆ. ಮಂತ್ರ ಹಾಕಿಕೊಂಡೂ ನಾನು ಇನ್ನೂ ಅಲ್ಲೇ ಸಾಯುತ್ತಿದ್ದೇನೆ.